ಹುಳುಮನೆಗೆ ಕರೆದವಳು

ರೇಷ್ಮೆಹುಳು ಸಾಕುವ ಹುಳುಮನೆಯೊಳಕ್ಕೆ ಯಾರ್ಯಾರು ಕಾಲಿಡಬಾರದು ಎಂಬುದು ನಮ್ಮತ್ತೆಗೆ ಬಾಯಿಪಾಠ. ಮದುವೆಯಾಗಿ ಹೋದ ಮೂರನೆಯ ದಿನವೇ ನನ್ನನ್ನು ಆ ಬಾಗಿಲ ಮುಂದೆ ನಿಲ್ಲಿಸಿಕೊಂಡು ಒಪ್ಪಿಸಿದರು. ಹೊರಗಾದ ಹೆಂಗಸರು ಬರಬಾರದು. ಹೊಗೆಸೊಪ್ಪು ಹಾಕಿದವರು ಬರಬಾರದು. ಸಾವಿನ ಮನೆಗೆ, ತಿಥಿ ಮನೆಗೆ ಹೋಗಿ ಬಂದವರು, ಮೀನು ತಿಂದವರು ಬರಬಾರದು. ಇವರೆಲ್ಲ ತಲೆಗೆ ನೀರು ಹಾಕಿಕೊಂಡರೆ ಬರಬಹುದು. ಕಾಲೋನಿಯವರು ಮಾತ್ರ ಏಳು ಕೆರೆಯ ನೀರಲ್ಲಿ ಮಿಂದರೂ ಬರಬಾರದು.

"ಅವ್ರ ಗಾಳಿ ಸೋಕಿದ್ರೆ ಸಾಕು, ಹುಳ ಸೊಪ್ಪು ಬಿಟ್ಬಿಡ್ತವೆ. ನೂಲೋ ಜೀವ ಕಣಮ್ಮ ಇವು, ಮಡಿ ಕೇಳ್ತವೆ," ಎಂದರು.

ನಾನು ತಲೆಯಾಡಿಸಿದೆ. ಮಾಲೂರಿನ ಮೇಷ್ಟರ ಮಗಳು ನಾನು. ಪಿಯುಸಿ ಓದಿದ್ದೆ. ಹೈಸ್ಕೂಲಿನಲ್ಲಿ 'ಅಸ್ಪೃಶ್ಯತೆ ಒಂದು ಪಿಡುಗು' ಎಂದು ನಾಲ್ಕು ಪುಟ ಬರೆದು ಸ್ಟೀಲ್ ಲೋಟ ಬಹುಮಾನ ಗೆದ್ದವಳು. ಆ ಲೋಟವನ್ನು ಅಪ್ಪ ಬೀಗರ ಮನೆಗೆ ಕೊಟ್ಟ ಪಾತ್ರೆಗಳ ಜೊತೆ ಸೇರಿಸಿ ಕಳಿಸಿದ್ದರು. ಅದೇ ಅಪ್ಪನ ಮನೆಯ ಹಿತ್ತಲಿನಲ್ಲಿ, ಕಸ ಗುಡಿಸಲು ಬರುವವಳ ಲೋಟ ಗೋಡೆಯ ಗೂಡಿನಲ್ಲಿ ಬೇರೆಯೇ ಇರುತ್ತಿತ್ತು. ಪ್ರಬಂಧ ಬರೆಯುವಾಗ ಅದು ನನ್ನ ಕಣ್ಣಿಗೇ ಬಿದ್ದಿರಲಿಲ್ಲ. ಹೀಗಿತ್ತು ನನ್ನ ವಿದ್ಯೆ!

ಎಂಬತ್ತರ ದಶಕದ ಮೊದಲ ವರ್ಷಗಳು. ಶ್ರೀನಿವಾಸಪುರದಿಂದ ಬಸ್ಸಿಳಿದು ಒಂದು ಮೈಲಿ ನಡೆಯಬೇಕಾದ ಊರು ನನ್ನ ಗಂಡನ ಊರು. ಊರಿನವರು ಕನ್ನಡ, ತೆಲುಗು ಎರಡನ್ನೂ ಒಂದೇ ಬಾಯಲ್ಲಿ ಆಡುತ್ತಿದ್ದರು. ಅತ್ತೆಗೆ ಸಿಟ್ಟು ಬಂದರೆ ಮಾತ್ರ ಪೂರ್ತಿ ತೆಲುಗು. ಮನೆಯಲ್ಲಿ ಇದ್ದವರು ಮೂವರೇ, ನಾನು, ನಮ್ಮ ಯಜಮಾನರು, ಅತ್ತೆ. ಮಾವ ತೀರಿಕೊಂಡಿದ್ದರು. ಎರಡು ಎಕರೆ ಹಿಪ್ಪುನೇರಳೆ ತೋಟ, ಅದರ ಪಕ್ಕಕ್ಕೆ ಹೊಸದಾಗಿ ಹಾಕಿದ ಟೊಮೇಟೊ, ಮನೆಗೆ ಅಂಟಿಕೊಂಡಂತೆ ಹೆಂಚಿನ ಹುಳುಮನೆ.

ತೋಟದಿಂದ ಸೊಪ್ಪು ಕೊಯ್ದು ತಂದು ಹಾಕಲು ಕಾಲೋನಿಯಿಂದ ಒಬ್ಬರು ಬರುತ್ತಿದ್ದರು. ಹೆಸರು ಹಾಕುವುದಿಲ್ಲ, ಸೊಪ್ಪಿನವರು ಎನ್ನುತ್ತೇನೆ. ಈಗ ಬರೆಯುವಾಗ 'ಅವರು' ಎಂದು ಬರೆಯುತ್ತಿದ್ದೇನೆ. ಆಗ ಹತ್ತೊಂಬತ್ತು ವರ್ಷದ ನಾನು, ನಮ್ಮಪ್ಪನ ವಯಸ್ಸಿನ ಆ ಮನುಷ್ಯನನ್ನು "ಬಾರೋ, ಹೋಗೋ" ಎನ್ನುತ್ತಿದ್ದೆ. ಅವರು ನನ್ನನ್ನು "ಅಮ್ಮಯ್ಯ" ಎನ್ನುತ್ತಿದ್ದರು. ಮದುವೆಯಾಗಿ ಬಂದ ಮೊದಲ ವಾರ ನಾಲಿಗೆ ಸ್ವಲ್ಪ ತಡವರಿಸಿತು. ಎರಡನೇ ವಾರದಿಂದ ಸರಾಗವಾಯಿತು. ಯಾರೂ ಕಲಿಸಬೇಕಾಗಲಿಲ್ಲ.

ಹದಿನೈದು ವರ್ಷಗಳಿಂದ ಅವರು ಸೊಪ್ಪಿನ ಹೊರೆಯನ್ನು ಹುಳುಮನೆಯ ಜಗುಲಿಯವರೆಗೆ ತಂದು ಇಳಿಸಿ ಹಿಂದೆ ಸರಿದು ನಿಲ್ಲುತ್ತಿದ್ದರು. ಅಲ್ಲಿಂದಾಚೆ ನಮ್ಮ ಕೆಲಸ. ಅದೇ ಸೊಪ್ಪನ್ನು ಅವರು ಮುಟ್ಟಿ, ಕೊಯ್ದು, ಎದೆಗೆ ಅಪ್ಪಿಕೊಂಡು ತಂದರೆ ಹುಳುಗಳಿಗೆ ಏನೂ ಆಗುವುದಿಲ್ಲ, ಬಾಗಿಲು ದಾಟಿದರೆ ಮಾತ್ರ ಸಾಯುತ್ತವೆ ಎಂದರೆ ಅದು ಎಂಥ ಮಡಿ ಎಂದು ನಾನು ಒಮ್ಮೆಯೂ ಅತ್ತೆಯನ್ನು ಕೇಳಲಿಲ್ಲ. ಕೇಳಿದ್ದರೆ ಅವರೂ ಉತ್ತರ ಹೇಳುತ್ತಿರಲಿಲ್ಲ, ಕಪಾಳಕ್ಕೆ ಒಂದು ಕೊಡುತ್ತಿದ್ದರು.

ತಿಂಗಳಿಗೆ ಮೂರು ದಿನ ನಾನೂ ಹೊರಗೇ. ಹುಳುಮನೆಯ ಜಗುಲಿಯ ತುದಿಯಲ್ಲಿ ನನ್ನ ಚಾಪೆ, ಅಂಗಳದ ಬೇವಿನ ಮರದ ಬುಡದಲ್ಲಿ ಅವರು. ಹೊತ್ತು ಹೋಗದೆ ಮಾತಾಡಿಸುತ್ತಿದ್ದೆ. ಹುಳುವಿನ ವಿಷಯ ನನಗೆ ಕಲಿಸಿದ್ದು ಅತ್ತೆಯಲ್ಲ, ಈ ಮನುಷ್ಯ. ಯಾವ ಹೊತ್ತಿನ ಸೊಪ್ಪು ಒಳ್ಳೆಯದು, ಒದ್ದೆ ಸೊಪ್ಪು ಹಾಕಿದರೆ ಯಾವ ರೋಗ, ಹುಳು ಜ್ವರಕ್ಕೆ ಕೂರುವ ಮೊದಲು ಹೇಗೆ ತಲೆ ಎತ್ತುತ್ತದೆ, ಎಲ್ಲ ಹೇಳುತ್ತಿದ್ದರು. ಜ್ವರ ಎಂದರೆ ಕಾಯಿಲೆಯಲ್ಲ, ಹುಳು ತಿನ್ನುವುದನ್ನು ಬಿಟ್ಟು ಪೊರೆ ಕಳಚುವ ದಿನ. ನಾಲ್ಕು ಜ್ವರ ದಾಟಿದರೆ ಹುಳು ಗೂಡು ಕಟ್ಟುತ್ತದೆ.

"ಇಷ್ಟೆಲ್ಲ ಗೊತ್ತಲ್ಲೋ ನಿಂಗೆ, ಎಲ್ಲಿ ನೋಡ್ದೆ?" ಎಂದು ಕೇಳಿದೆ.

"ನೋಡೋದೆಲ್ಲಿ ಬಂತು ಅಮ್ಮಯ್ಯ. ನೀವು ಕಸ ತೆಗ್ದು ತಿಪ್ಪೆಗೆ ಎಸೀತೀರಲ್ಲ, ಅದ್ರಾಗೆ ನಾಕು ಹುಳ ಬಂದಿರ್ತವೆ. ಅವನ್ನ ಅಂಗೈ ಮ್ಯಾಲಿಟ್ಕೊಂಡು ನೋಡ್ತೀನಿ. ತಿಂತಿರೋ ಸದ್ದು ಗೋಡೆ ಆಚೆಯಿಂದ ಕೇಳ್ತದೆ."

ತಿಪ್ಪೆಯಿಂದ ಕಲಿತ ವಿದ್ಯೆ! ನನಗೆ ನಗು ಬಂತು, ಆಮೇಲೆ ನಗಲಾಗಲಿಲ್ಲ.

ಅಂಥದ್ದೇ ಒಂದು ಮೂರು ದಿನಗಳಲ್ಲಿ ಅವರು ಒಂದು ಕಾಗದ ತಂದರು. ಸರ್ಕಾರದಿಂದ ಅವರಿಗೆ ಕೆರೆ ಕೋಡಿಯ ಹತ್ತಿರ ಒಂದೆಕರೆ ಜಮೀನು ಆಗಿತ್ತು. ಕಲ್ಲು ಆಯ್ದು ಆಯ್ದು, ನಮ್ಮ ತೋಟದಲ್ಲಿ ಕತ್ತರಿಸಿ ಬಿಸಾಡಿದ ಕಡ್ಡಿಗಳನ್ನೇ ನೆಟ್ಟು, ಹಿಪ್ಪುನೇರಳೆ ಎಬ್ಬಿಸಿದ್ದರು. ಈಗ ಅವರಿಗೆ ಹುಳುವಿನ ಮೊಟ್ಟೆ ಬೇಕಿತ್ತು. ಒಂದು ಮೊಟ್ಟೆ ಎಂದರೆ ಒಂದು ಚಿಟ್ಟೆ ಇಟ್ಟಷ್ಟೂ, ನಾನೂರು ಐನೂರು ಹುಳು. ರೇಷ್ಮೆ ಇಲಾಖೆಗೆ ಅರ್ಜಿ ಬರೆದುಕೊಡಿ ಎಂದರು.

"ನಿಮ್ಮನೇಲಿ ಹುಳು ಸಾಕ್ತೀಯೇನೋ?"

"ಒಂದಿಪ್ಪತ್ತೈದು ಮೊಟ್ಟೆ ಸಾಕು ಅಮ್ಮಯ್ಯ. ಗುಡಿಸ್ಲಾಗೆ ಒಂದು ಕಡೆ ತಡಿಕೆ ಕಟ್ಟಿದೀನಿ. ನನ್ನ ಹೆಂಡ್ತಿ ಗೋಡೆಗೆಲ್ಲ ಸುಣ್ಣ ಬಳ್ದವ್ಳೆ. ಹುಳ ತಟ್ಟೆ ಮ್ಯಾಲೆ ಹೆಂಗ್ ಮಲಗ್ತವೋ ಒಂದ್ಸಲ ನೋಡ್ಬೇಕು."

ಬರೆದುಕೊಟ್ಟೆ. ಮುದ್ದಾದ ಅಕ್ಷರ ನನ್ನದು, ಎಲ್ಲರೂ ಹೊಗಳುತ್ತಿದ್ದರು.

ಆ ವಾರವೇ ಸುದ್ದಿ ಊರಿಗೆಲ್ಲ ಹರಡಿತು. ಯಜಮಾನರು ಮುದ್ದೆ ಮುರಿಯುತ್ತಾ ಕೂತಿದ್ದರು. ಅತ್ತೆ ಹೇಳಿದಾಗ ಮೊದಲು ನಕ್ಕರು. ಆಮೇಲೆ ಕೈ ನಿಂತಿತು.

"ಅವ್ನ ಗುಡಿಸ್ಲಲ್ಲಿ ಹುಳ ಗೂಡು ಕಟ್ಬಿಟ್ರೆ ಏನಮ್ಮ ಗತಿ? ನಾಳೆ ನಿಮ್ಮ ಹುಳುಮನೆ ಒಳಕ್ಕೆ ನಮ್ಮನ್ನ ಯಾಕೆ ಬಿಡಲ್ಲ ಅಂತ ಕೇಳ್ತಾನೆ. ಏನ್ ಹೇಳ್ತೀಯ?"

"ಕಟ್ಟಲ್ಲ ಬಿಡೋ. ಅವ್ರ ಮನೇಲಿ ಹುಳ ಉಳೀತವಾ?" ಎಂದರು ಅತ್ತೆ. ಆದರೆ ಅವರ ದನಿಯಲ್ಲಿ ಎಂದಿನ ಗಟ್ಟಿತನ ಇರಲಿಲ್ಲ.

"ಅರ್ಜಿ ಯಾರೋ ಚೆನ್ನಾಗಿ ಬರ್ಕೊಟ್ಟವ್ರಂತೆ. ಯಾರು?" ಎಂದು ಯಜಮಾನರು ಊರಿಗೆಲ್ಲ ಕೇಳುವಂತೆ ಕೇಳಿದರು. ನಾನು ಒಲೆಗೆ ಊದುತ್ತಾ ಕೂತೆ. "ಗೊತ್ತಿಲ್ಲ" ಎಂದೆ. ಯಾರೂ ನನ್ನನ್ನೇ ಕೇಳಿರಲಿಲ್ಲ, ಆದರೂ ಹೇಳಿದೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ.

ಆಮೇಲಿನ ದಿನಗಳಲ್ಲಿ ಊರ ಗಂಡಸರ ಮಾತಿನಲ್ಲಿ ಒಂದು ಬದಲಾವಣೆ ಬಂತು. ಅಂಗಡಿಯ ಮುಂದೆ, ಡೈರಿಯ ಮುಂದೆ ಅದೇ ಮಾತು. ಸೊಪ್ಪಿನವರು ಅದೇ ಹರಿದ ಅಂಗಿಯಲ್ಲಿ ಬಂದು ಹೋಗುತ್ತಿದ್ದರೂ "ಅವ್ನ ಕೊಬ್ಬು ನೋಡು, ನಡೆಯೋ ರೀತಿ ನೋಡು" ಎನ್ನುತ್ತಿದ್ದರು. ನಾನೂ ನೋಡಿದೆ. ಯಾವ ಕೊಬ್ಬೂ ಕಾಣಲಿಲ್ಲ. ಆದರೆ ಹತ್ತು ಜನ ಹೇಳಿದ ಮೇಲೆ, ಅಯ್ಯೋ, ನಡಿಗೆ ಸ್ವಲ್ಪ ಹಾಗೇ ಇದೆಯೇನೋ ಎಂದು ನನಗೂ ಅನ್ನಿಸತೊಡಗಿತು. ಕೋಣ ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜಾತಿಯವಳೇ ನಾನೂ.

ಆ ಸಲದ ಬೆಳೆ ಚೆನ್ನಾಗಿತ್ತು. ನಾಲ್ಕನೇ ಜ್ವರ ದಾಟಿ ಹುಳುಗಳು ಬೆರಳುದ್ದ ಬೆಳೆದಿದ್ದವು. ಆ ಹಂತದಲ್ಲಿ ಅವಕ್ಕೆ ಹೊಟ್ಟೆಯೇ ತುಂಬದು. ಎಷ್ಟು ಸೊಪ್ಪು ಹಾಕಿದರೂ ಕಡ್ಡಿ ಮಾತ್ರ ಉಳಿಸುತ್ತವೆ. ಇನ್ನು ಮೂರು ದಿನಕ್ಕೆ ಹಣ್ಣಾಗಿ ಗೂಡಿಗೆ ಬರುತ್ತವೆ ಎನ್ನುವಾಗ ಯಜಮಾನರು ಟೊಮೇಟೊಗೆ ಔಷಧಿ ಹೊಡೆದರು. ಸಂಜೆ ಕೈಕಾಲು ತೊಳೆಯುತ್ತಾ ನನಗೂ ಅತ್ತೆಗೂ ಕೇಳುವ ಹಾಗೆ ಹೇಳಿದರು.

"ಟೊಮೇಟೊ ಪಕ್ಕದ ನಾಕು ಸಾಲು ಸೊಪ್ಪು ಮುಟ್ಬೇಡಿ. ಗಾಳಿಗೆ ಔಷಧಿ ಆ ಕಡೆಗೆ ಬಿದ್ದೈತೆ."

ನಾನು ಕೇಳಿಸಿಕೊಂಡೆ. ಮರೆತೆ ಎಂದು ಆಮೇಲೆ ಎಷ್ಟೋ ಸಲ ನನಗೆ ನಾನೇ ಹೇಳಿಕೊಂಡಿದ್ದೇನೆ. ಮರೆತಿರಲಿಲ್ಲ.

ಮಾರನೆಯ ದಿನ ಬೆಳಿಗ್ಗೆ ಯಜಮಾನರು ಮುಳಬಾಗಿಲಿನ ಕಡೆ ಹೊರಟರು. ಹಣ್ಣಾದ ಹುಳುಗಳನ್ನು ಗೂಡು ಕಟ್ಟಲು ಬಿಡುವ ಬಿದಿರಿನ ಚಂದ್ರಿಕೆಗಳನ್ನು ಅಲ್ಲಿ ನೆಂಟರೊಬ್ಬರಿಂದ ತರಬೇಕಿತ್ತು. ಅತ್ತೆ ಪಕ್ಕದೂರಿಗೆ ತಿಥಿ ಊಟಕ್ಕೆ ಹೋದರು. ಹುಳುಮನೆಗೆ ನಾನೊಬ್ಬಳೇ. ಬೆಳಗಿನ ಜಾವ ಒಂದು ಸಣ್ಣ ಮಳೆ ಬಂದು ಹೋಗಿತ್ತು.

ಹನ್ನೊಂದು ಗಂಟೆಯ ಹೊತ್ತಿಗೆ ಸೊಪ್ಪಿನವರು ಎರಡು ಹೊರೆ ಇಳಿಸಿ ಬೇವಿನ ಮರದ ಕೆಳಗೆ ಬೀಡಿ ಹಚ್ಚಲು ಕೂತಿದ್ದರು. ನಾನು ಒಳಗೆ ಸೊಪ್ಪು ಹಾಕುತ್ತಿದ್ದೆ. ತಟ್ಟೆಗಳನ್ನು ಇಡುವ ಬಿದಿರಿನ ಸ್ಟ್ಯಾಂಡುಗಳ ಕಾಲುಗಳನ್ನು, ಇರುವೆ ಹತ್ತದಿರಲಿ ಎಂದು, ನೀರು ತುಂಬಿದ ಕಲ್ಲಿನ ಬಟ್ಟಲುಗಳಲ್ಲಿ ನಿಲ್ಲಿಸಿರುತ್ತಾರೆ. ವರ್ಷಗಟ್ಟಲೆ ನೀರಲ್ಲಿ ನಿಂತ ಒಂದು ಕಾಲು ಒಳಗೊಳಗೇ ಕೊಳೆತಿತ್ತು. ಲಟಕ್ಕೆಂದು ಮುರಿಯಿತು. ಹತ್ತು ತಟ್ಟೆಗಳ ಸ್ಟ್ಯಾಂಡು ನನ್ನ ಮೇಲಕ್ಕೆ ವಾಲಿತು. ಎರಡೂ ಕೈಯಿಂದ ತಡೆಹಿಡಿದೆ. ತೋಳು ನಡುಗತೊಡಗಿತು. ನಾನು ಬಿಟ್ಟರೆ ಅದು ಪಕ್ಕದ ಸ್ಟ್ಯಾಂಡಿನ ಮೇಲೆ ಬಿದ್ದು ಅರ್ಧ ಮನೆಯ ಹುಳು ನೆಲದ ಪಾಲು.

"ಬಾರೋ! ಬೇಗ ಬಾರೋ ಒಳಕ್ಕೆ!" ಎಂದು ಕಿರುಚಿದೆ.

ಅವರು ಓಡಿ ಬಂದು ಬಾಗಿಲಲ್ಲಿ ನಿಂತುಬಿಟ್ಟರು. ಬೀಡಿ ಎಸೆದು, ಕೈಯನ್ನು ಪಂಚೆಗೆ ಒರೆಸಿಕೊಂಡು, ಅಲ್ಲೇ ನಿಂತರು.

"ಅಮ್ಮಯ್ಯ, ನಾನು ಹೆಂಗೆ..."

"ನಿನ್ ಮನೆ ಹಾಳಾಗ, ನಾನ್ ಕರೀತಿದೀನಿ ಬಾರೋ!"

ಬಂದರು. ವಾಲಿದ ಸ್ಟ್ಯಾಂಡಿಗೆ ಹೆಗಲು ಕೊಟ್ಟು ಎತ್ತಿ ನಿಲ್ಲಿಸಿದರು. ಮೂಲೆಯಲ್ಲಿದ್ದ ಹಳೆಯ ಬಿದಿರನ್ನು ಮುರಿದ ಕಾಲಿಗೆ ಜೊತೆಮಾಡಿ, ಹಗ್ಗ ಹುಡುಕುವಷ್ಟು ಸಮಯವಿಲ್ಲದೆ ತಲೆಗೆ ಸುತ್ತಿದ್ದ ಟವೆಲನ್ನೇ ಬಿಚ್ಚಿ ಬಿಗಿದು ಕಟ್ಟಿದರು. ಒಂದು ಹುಳುವೂ ಬೀಳಲಿಲ್ಲ. ಹೊರಡುವ ಮೊದಲು ಒಂದು ಕ್ಷಣ ನಿಂತು ತಟ್ಟೆಗಳ ಮೇಲೆ ಕಣ್ಣಾಡಿಸಿದರು. ಬೆಳ್ಳಗೆ ಸಾಲು ಸಾಲು ಮಲಗಿದ್ದ ಹುಳುಗಳು. ಹೊರಗೆ ಹೋದ ಮೇಲೆ "ಅಮ್ಮಯ್ಯ, ನಾನ್ ಬಂದಿದ್ದು ಯಾರ್ಗೂ ಹೇಳ್ಬೇಡಿ" ಎಂದರು. ಆಮೇಲೆ ಹೆದರಿಕೆಗೋ ಏನೋ, ಮಧ್ಯಾಹ್ನದ ಸೊಪ್ಪು ಕೊಯ್ಯುವುದನ್ನೂ ಬಿಟ್ಟು ಮನೆಗೆ ಹೊರಟುಹೋದರು.

ಮಧ್ಯಾಹ್ನ ಮೂರರ ಹೊತ್ತಿಗೆ ಸೊಪ್ಪು ಮುಗಿಯಿತು. ಹುಳುಗಳು ಕಡ್ಡಿ ಮೇಲೆ ತಲೆಯೆತ್ತಿಕೊಂಡು ಹುಡುಕುತ್ತಿದ್ದವು. ಕುಕ್ಕೆ ತೆಗೆದುಕೊಂಡು ತೋಟಕ್ಕೆ ಹೋದೆ. ಬಿಸಿಲು. ಈ ಕಡೆಯ ಸಾಲುಗಳನ್ನೆಲ್ಲ ಬೆಳಿಗ್ಗೆಯೇ ಕೊಯ್ದಾಗಿತ್ತು, ಉಳಿದ ಸೊಪ್ಪಿಗೆ ತೋಟದ ಆ ತುದಿಯವರೆಗೆ ಹೋಗಬೇಕಿತ್ತು. ಹತ್ತಿರದಲ್ಲಿ ಟೊಮೇಟೊ ಪಕ್ಕದ ನಾಲ್ಕು ಸಾಲು ಮಾತ್ರ ಸೊಂಪಾಗಿ ನಿಂತಿದ್ದವು. ಬೆಳಿಗ್ಗೆ ಮಳೆ ಬಂದಿದೆ, ಔಷಧಿ ತೊಳೆದುಹೋಗಿರುತ್ತದೆ ಎಂದುಕೊಂಡೆ. ಮೂಸಿ ನೋಡಿದೆ. ವಾಸನೆ ಇತ್ತು, ಆದರೆ ಕಡಿಮೆ. ಸೆರಗಿನಿಂದ ಎಲೆಗಳನ್ನು ಒರೆಸುತ್ತಾ ಕೊಯ್ದೆ. ನನ್ನ ಬುದ್ಧಿವಂತಿಕೆಗೆ ಬೆಂಕಿ ಬೀಳ.

ಸಂಜೆ ಅತ್ತೆ ಬಂದರು. ತಿಥಿ ಮನೆಯಿಂದ ಬಂದವರು, ಬೆಳಿಗ್ಗೆ ತಲೆಗೆ ಸ್ನಾನ ಮಾಡುವವರೆಗೆ ಹುಳುಮನೆಗೆ ಬರುವಂತಿಲ್ಲ. ರಾತ್ರಿಯ ಸೊಪ್ಪನ್ನೂ ಅದೇ ಕುಕ್ಕೆಯಿಂದ ನಾನೇ ಹಾಕಿದೆ. ಕೆಲವು ಹುಳುಗಳು ತಲೆಯನ್ನು ಅತ್ತ ಇತ್ತ ಆಡಿಸುತ್ತಿದ್ದವು. ಹಣ್ಣಾಗುತ್ತಿವೆಯೇನೋ ಎಂದುಕೊಂಡು ಬಾಗಿಲು ಹಾಕಿದೆ. ಒಳಗೊಳಗೇ ಗೊತ್ತಾಗಿತ್ತು.

ಬೆಳಿಗ್ಗೆ ಅತ್ತೆಯ ಕೂಗಿಗೆ ಎದ್ದೆ. ಓಡಿಹೋಗಿ ನೋಡಿದರೆ ಎಲ್ಲ ತಟ್ಟೆಗಳಲ್ಲೂ ಹುಳುಗಳು ಹಸಿರು ಕಕ್ಕಿಕೊಂಡು, ಕುಗ್ಗಿ, ಕೊಂಕಿ ಸತ್ತಿದ್ದವು. ಕೆಲವು ಇನ್ನೂ ನುಲಿಯುತ್ತಿದ್ದವು. ಅತ್ತೆ ಎದೆ ಬಡಿದುಕೊಳ್ಳುತ್ತಾ ಒಂದೊಂದೇ ಸ್ಟ್ಯಾಂಡಿನ ಮುಂದೆ ಹೋಗುತ್ತಿದ್ದರು. ಮುರಿದ ಕಾಲಿನ ಮುಂದೆ ನಿಂತರು. ಕೊಳಕಾದ ಕೆಂಪು ಅಂಚಿನ ಟವೆಲು. ಊರಿಗೆಲ್ಲ ಗೊತ್ತಿದ್ದ ಟವೆಲು.

ರಾತ್ರಿ ನೆಂಟರ ಮನೆಯಲ್ಲೇ ಉಳಿದಿದ್ದ ಯಜಮಾನರು ಮೊದಲ ಬಸ್ಸಿಗೆ ಬಂದಿಳಿದರು. ಅಷ್ಟರಲ್ಲಿ ಅಂಗಳದಲ್ಲಿ ಇಪ್ಪತ್ತು ಮೂವತ್ತು ಗಂಡಸರು ಸೇರಿದ್ದರು. "ಒಳಕ್ಕೆ ಬಂದವ್ನೆ, ಟವಲ್ ಕಟ್ಟಿಟ್ಟು ಹೋಗವ್ನೆ, ಮಾಟ ಮಾಡ್ಸವ್ನೆ," ಎಂದು ತಲೆಗೊಂದು ಮಾತು. ಯಜಮಾನರು ನೇರ ಹುಳುಮನೆಯೊಳಕ್ಕೆ ಬಂದರು. ನಾನು ಬಾಗಿಲ ಮರೆಯಲ್ಲಿ ನಿಂತಿದ್ದೆ. ಹೇಳಬೇಕು, ಈಗಲೇ ಹೇಳಬೇಕು, ಕರೆದದ್ದು ನಾನು, ಸೊಪ್ಪು ಹಾಕಿದ್ದೂ ನಾನು ಎಂದು ಬಾಯಿ ತೆರೆದೆ. ಅತ್ತೆ ನನ್ನ ಮುಂಗೈ ಹಿಡಿದರು. ಆ ಹಿಡಿತಕ್ಕೆ ಬಳೆ ಒಡೆದು ಚರ್ಮಕ್ಕೆ ಹೊಕ್ಕಿತು. ಇನ್ನೊಂದು ಕೈಯಲ್ಲಿ ಅವರು ಆ ಕುಕ್ಕೆಯ ತಳದಲ್ಲಿ ಉಳಿದಿದ್ದ ಸೊಪ್ಪು ಹಿಡಿದುಕೊಂಡಿದ್ದರು. ಮೂಗಿನ ಹತ್ತಿರ.

"ನೋರು ಮುಯ್ಯಿ," ಎಂದರು. ಬಾಯಿ ಮುಚ್ಚು ಎಂದು. ಆಮೇಲೆ ಕನ್ನಡದಲ್ಲಿ, ಮೆಲ್ಲಗೆ, "ನಂಗೂ ಗೊತ್ತಾಯ್ತು. ಸುಮ್ನಿರು."

ಯಜಮಾನರು ಒಂದು ತಟ್ಟೆಯಿಂದ ಅರ್ಧ ತಿಂದ ಎಲೆ ಎತ್ತಿಕೊಂಡರು. ಮೂಸಿದರು. ಇನ್ನೊಂದು ತಟ್ಟೆಯದನ್ನೂ ಮೂಸಿದರು. ಔಷಧಿ ಹೊಡೆದ ಕೈ ಅವರದೇ, ಆ ವಾಸನೆ ಅವರಿಗೆ ಹೇಳಿಕೊಡಬೇಕೆ? ತಿರುಗಿ ನನ್ನನ್ನು ನೋಡಿದರು. ಬೈಯುತ್ತಾರೆ, ಹೊಡೆಯುತ್ತಾರೆ, ಹೊಡೆಯಲಿ, ಇಷ್ಟಕ್ಕೆ ಮುಗಿಯಲಿ ಎಂದು ಕಾದೆ. ಅವರು ಎಲೆಯನ್ನು ಮಡಿಸಿ ಅಂಗಿಯ ಜೇಬಿಗೆ ಹಾಕಿಕೊಂಡರು. ಹೊರಗೆ ಹೋಗಿ ಜಗುಲಿಯ ಮೇಲೆ ನಿಂತರು.

"ಆ ನನ್ಮಗನೇ ಒಳಕ್ಕೆ ಬಂದಿರೋದು. ಕರ್ಕೊಂಡ್ ಬನ್ರೋ," ಎಂದರು.

ಇವರೆಲ್ಲ ತಿಳಿಯದೆ, ಮೂಢರಾಗಿ ಹೀಗೆ ಮಾಡುತ್ತಾರೆ ಎಂದು ನಾನು ಪ್ರಬಂಧದಲ್ಲಿ ಬರೆದಿದ್ದೆ. ವಿದ್ಯೆ ಬಂದರೆ, ನಿಜ ತಿಳಿದರೆ ಎಲ್ಲ ಸರಿಹೋಗುತ್ತದೆ ಎಂದು ಕೊನೆಯ ಪ್ಯಾರಾ. ನಿಜ ಅವರ ಜೇಬಿನಲ್ಲೇ ಇತ್ತು.

ಸೊಪ್ಪಿನವರನ್ನು ಕರೆತಂದರು. ಕರೆತಂದರು ಎಂದರೆ ಇಬ್ಬರು ರಟ್ಟೆ ಹಿಡಿದು, ಒಬ್ಬ ಹಿಂದಿನಿಂದ ತಳ್ಳುತ್ತಾ. ಮಧ್ಯಾಹ್ನವಾಗಿರಲಿಲ್ಲ, ಹೊಳೆಯುವ ಬಿಸಿಲು, ಎಲ್ಲರ ಮುಖವೂ ಕಾಣುತ್ತಿತ್ತು. ಬೇವಿನ ಮರದ ಕೆಳಗೆ ನಿಲ್ಲಿಸಿದರು. ನಮ್ಮ ಮದುವೆಗೆ ಚಪ್ಪರ ಹಾಕಿದವನು, ನನಗೆ ಜ್ವರ ಬಂದಾಗ ಸೈಕಲ್ಲಿನಲ್ಲಿ ಶ್ರೀನಿವಾಸಪುರಕ್ಕೆ ಹೋಗಿ ಮಾತ್ರೆ ತಂದವನು, ಎಲ್ಲ ಅಲ್ಲೇ ಇದ್ದರು. ರಾಕ್ಷಸರು ಯಾರೂ ಇರಲಿಲ್ಲ.

"ಒಳಕ್ಕೆ ಹೋಗಿದ್ಯೇನ್ಲಾ?" ಎಂದ ಗುಂಪಿನಲ್ಲೊಬ್ಬ.

"ಹೋಗಿದ್ದೆ ಸಾಮಿ. ಸ್ಟ್ಯಾಂಡು ಬೀಳ್ತಿತ್ತು. ಸದ್ದಾಯ್ತು. ಹೋಗಿ ಹಿಡ್ಕೊಂಡೆ."

"ಯಾರ್ಲಾ ನಿನ್ನ ಕರ್ದೋರು?"

ನಾನು ಕಿಟಕಿಯ ಸರಳು ಹಿಡಿದು ನಿಂತಿದ್ದೆ. ಅವರು ತಲೆಯೆತ್ತಿದರೆ ನೇರ ನಾನೇ ಕಾಣುತ್ತಿದ್ದೆ. ಎತ್ತಲಿಲ್ಲ. ಹೇಳಿಬಿಡು, ಹೇಳಿಬಿಡು ಎಂದು ನನ್ನ ಮನಸ್ಸು ಬೇಡುತ್ತಿತ್ತು. ಹೇಳದಿರಲಿ ದೇವರೇ ಎಂದೂ ಅದೇ ಮನಸ್ಸು ಬೇಡುತ್ತಿತ್ತು.

"ಯಾರೂ ಕರೀಲಿಲ್ಲ ಸಾಮಿ," ಎಂದರು.

ಮೊದಲ ಏಟು ಯಜಮಾನರದು. ಸೊಪ್ಪು ತಿಂದು ಉಳಿದ ಹಿಪ್ಪುನೇರಳೆ ಕಡ್ಡಿಗಳು ಅಂಗಳದ ಮೂಲೆಯಲ್ಲಿ ಕಟ್ಟು ಕಟ್ಟಾಗಿ ಬಿದ್ದಿದ್ದವು. ಹಸಿ ಕಡ್ಡಿ, ಬಳುಕುತ್ತದೆ, ಮುರಿಯುವುದಿಲ್ಲ. ಒಬ್ಬೊಬ್ಬರೂ ಒಂದೊಂದು ಎತ್ತಿಕೊಂಡರು. ಮೊದಮೊದಲು ಹುಳುವಿನ ಮಾತಿತ್ತು. "ಹುಳ ಸಾಯಿಸ್ತೀಯೇನ್ಲಾ?" ಎನ್ನುತ್ತಿದ್ದರು. ನಾಲ್ಕು ಏಟಾದ ಮೇಲೆ ಮಾತು ತಾನಾಗಿ ಬದಲಾಯಿತು.

"ಹುಳ ಸಾಕ್ತಾನಂತೆ ಹುಳ!"

"ಅರ್ಜಿ ಬರ್ಸವ್ನೆ ಅರ್ಜಿ!"

ಸತ್ತ ಹುಳುಗಳನ್ನು ಆಗಲೇ ಎಲ್ಲರೂ ಮರೆತಿದ್ದರು. ಅರ್ಜಿ ಬರೆದ ಬೆರಳುಗಳು ಕಿಟಕಿಯ ಸರಳಿಗೆ ಅಂಟಿಕೊಂಡಿದ್ದವು. ಅವರು ಒಮ್ಮೆ ಬಿದ್ದರು, ಎದ್ದರು, ಮತ್ತೆ ಬಿದ್ದ ಮೇಲೆ ಏಳಲಿಲ್ಲ. ತೋಳನ್ನು ತಲೆಗೆ ಅಡ್ಡ ಇಟ್ಟುಕೊಂಡು ಮುದುಡಿಕೊಂಡರು. ಕೂಗಲಿಲ್ಲ. ಅವರ ಹೆಂಡತಿ ದೂರದ ರಸ್ತೆಯಲ್ಲಿ ನಿಂತು ಮಣ್ಣು ತೂರುತ್ತಾ ಶಾಪ ಹಾಕುತ್ತಿದ್ದರು. ನಮ್ಮ ಅಂಗಳಕ್ಕೆ ಬರುವ ಧೈರ್ಯ ಅವರಿಗಿರಲಿಲ್ಲ. ಹೊರಗೆ ಹೋಗುವ ಧೈರ್ಯ ನನಗೂ ಇರಲಿಲ್ಲ, ನನಗೆ ಅಡ್ಡ ಇದ್ದದ್ದು ಬರೀ ಒಂದು ಬಾಗಿಲು, ಚಿಲಕವೂ ಹಾಕಿರಲಿಲ್ಲ.

ಆಮೇಲೆ ಗುಂಪು ಕೆರೆ ಕೋಡಿಯ ಕಡೆಗೆ ಹೋಯಿತು. ಒಂದೆಕರೆ ಹಿಪ್ಪುನೇರಳೆಯನ್ನು ಬೇರುಸಹಿತ ಕಿತ್ತು ಹಾಕಲು ಎರಡು ಗಂಟೆ ಹಿಡಿಯಿತಂತೆ. ಕೈಗೆ ಬೊಬ್ಬೆ ಬಂದವರೂ ಇದ್ದರು. ಗುಡಿಸಲಿನೊಳಗಿನ ತಡಿಕೆಯನ್ನೂ ಎಳೆದು ಹಾಕಿದರು. ಊಟದ ಹೊತ್ತಿಗೆ ವಾಪಸ್ಸು ಬಂದು ನಮ್ಮ ಜಗುಲಿಯ ಮೇಲೆ ಕೂತು, ಬೆವರು ಒರೆಸಿಕೊಂಡು, ಆ ವರ್ಷದ ಮಾವಿನ ಫಸಲಿನ ಮಾತಾಡಿದರು. ದ್ವೇಷ ಎಂದರೆ ಕಣ್ಣು ಕೆಂಪಗಾಗಿ ಮೈಮರೆಯುವುದು ಎಂದುಕೊಂಡಿದ್ದೆ. ಇವರು ಒಂದು ಕೆಲಸ ಮುಗಿಸಿ ಬಂದವರಂತೆ ಕೂತಿದ್ದರು. ಅತ್ತೆ ಮಜ್ಜಿಗೆ ಕಡೆದರು.

ಅದನ್ನು ಲೋಟಗಳಿಗೆ ಹಾಕಿ ಎಲ್ಲರಿಗೂ ಕೊಟ್ಟವಳು ನಾನು. ಮೇಷ್ಟರ ಮಗಳು ನೋಡಿ, ಉಪ್ಪು, ಕರಿಬೇವು ಸರಿಯಾಗಿ ಹಾಕಿದ್ದೆ. "ಮಜ್ಜಿಗೆ ಚೆನ್ನಾಗೈತೆ ಕಣಮ್ಮ" ಎಂದು ಒಬ್ಬರು ಹೇಳಿದರು. ನಾನು ತಲೆ ಬಗ್ಗಿಸಿ ನಕ್ಕೆ ಕೂಡ.

ಎಂಟು ದಿನಗಳಲ್ಲಿ ಸೊಪ್ಪಿನವರು ಹೆಂಡತಿಯನ್ನು ಕರೆದುಕೊಂಡು ಊರು ಬಿಟ್ಟರು. ಪೊಲೀಸರು ಬರಲಿಲ್ಲ, ಯಾರೂ ಕರೆಯಲಿಲ್ಲ. ಔಷಧಿಯ ಮಾತನ್ನು ಮನೆಯಲ್ಲಿ ಯಾರೂ ಎತ್ತಲಿಲ್ಲ. ಯಜಮಾನರು ನನ್ನನ್ನು ಬೈಯಲೂ ಇಲ್ಲ. ಬೈದಿದ್ದರೆ, ನಡೆದದ್ದು ಇದು ಎಂದು ಒಪ್ಪಿಕೊಂಡ ಹಾಗಾಗುತ್ತಿತ್ತು. ಆ ಒಂದು ವಿಷಯದಲ್ಲಿ ನಾವು ಮೂವರೂ ಬಹಳ ಒಗ್ಗಟ್ಟಾಗಿದ್ದೆವು. ನಿಜ ಹೇಳಬೇಕೆಂದರೆ ಅತ್ತೆ ನನ್ನನ್ನು ಪ್ರೀತಿಯಿಂದ ಕಾಣಲು ಶುರುಮಾಡಿದ್ದೇ ಆಮೇಲೆ. ನನ್ನ ತಟ್ಟೆಗೆ ತುಪ್ಪ ಒಂದು ಹನಿ ಜಾಸ್ತಿ ಬೀಳುತ್ತಿತ್ತು. ಮನೆಯವಳಾದೆ.

ಐದಾರು ವರ್ಷ ಕಳೆದಿರಬೇಕು. ಅಪ್ಪನಿಗೆ ಹುಷಾರಿಲ್ಲವೆಂದು ಮಾಲೂರಿಗೆ ಹೋಗಿದ್ದೆ. ಬೆಂಗಳೂರಿನ ಆಸ್ಪತ್ರೆಯಿಂದ ಔಷಧಿ ತರಬೇಕಿತ್ತು, ಬೆಳಿಗ್ಗೆ ಸ್ಟೇಷನ್ನಿಗೆ ಹೋದೆ. ಪ್ಲಾಟ್‌ಫಾರಂ ತುಂಬ ಕೆಲಸಕ್ಕೆ ಹೋಗುವ ಜನ. ಕೊನೆಯ ಕಲ್ಲುಬೆಂಚಿನ ಮೇಲೆ ಅವರು ಕೂತಿದ್ದರು. ಇಟ್ಟಿಗೆ ಗೂಡಿನ ಕೆಂಪು ಧೂಳು ಕಾಲಿನ ಬಿರುಕುಗಳಲ್ಲಿ ಕೂತಿತ್ತು. ಎಡಗೈ ಮೊಣಕೈ ಹತ್ತಿರ ನೆಟ್ಟಗಿರಲಿಲ್ಲ. ನನ್ನನ್ನು ನೋಡಿ ಎದ್ದು ನಿಲ್ಲಲು ಹೋಗಿ, ಆಮೇಲೆ ಏನೋ ನೆನಪಾದಂತೆ ಅಲ್ಲೇ ಕೂತರು. ಅದರಿಂದ ನನಗೆ ಸಮಾಧಾನವೇ ಆಯಿತು.

"ಚೆನ್ನಾಗಿದ್ದೀರಾ?" ಎಂದೆ. ಅವರಿಗೆ ಬಹುವಚನ ಬಳಸಿದ್ದು ಅದೇ ಮೊದಲು.

"ಇದೀನಮ್ಮ. ಇಲ್ಲೇ ಗೂಡ್ನಾಗೆ ಕೆಲ್ಸ. ಇವತ್ತು ಕೈ ತೋರ್ಸಕ್ಕೆ ಬೆಂಗ್ಳೂರಿಗೆ ಹೊಂಟೆ."

ಐದು ವರ್ಷದಿಂದ ಗಂಟಲಲ್ಲಿ ಇಟ್ಟುಕೊಂಡದ್ದನ್ನು ನಿಂತಲ್ಲೇ ಸುರಿದುಬಿಟ್ಟೆ. ಹುಳು ಸತ್ತದ್ದು ನಿಮ್ಮಿಂದಲ್ಲ, ಔಷಧಿ ಬಿದ್ದ ಸೊಪ್ಪು ಹಾಕಿದ್ದು ನಾನು, ಮನೆಯಲ್ಲಿ ಎಲ್ಲರಿಗೂ ಅವತ್ತೇ ಗೊತ್ತಿತ್ತು ಎಂದೆ. ನನ್ನ ಕಣ್ಣಲ್ಲಿ ನೀರು ಬರುತ್ತಿತ್ತು. ಅವರ ಕಣ್ಣಲ್ಲಿ ಬರಲಿಲ್ಲ.

"ನನ್ನಿಂದ ಸತ್ತಿಲ್ಲ ಅಂತ ನಂಗೆ ಗೊತ್ತಿರಲ್ವೇನಮ್ಮ? ಅಂಗಳದಾಗೆ ಬಿದ್ದಿದ್ನಲ್ಲ, ತಟ್ಟೆ ತಂದು ನನ್ನ ಪಕ್ಕಕ್ಕೇ ಸುರಿದ್ರು. ವಾಸ್ನೆ ಬಂತು," ಎಂದರು. ಮಾಮೂಲಿ ದನಿಯಲ್ಲೇ ಹೇಳಿದರು.

"ಮತ್ತೆ ನಾನು ಕರೆದೆ ಅಂತ ಯಾಕೆ ಹೇಳ್ಲಿಲ್ಲ ನೀವು? ನನ್ನ ಉಳಿಸಿದ್ರಿ," ಎಂದೆ. ಅದನ್ನು ನಾನು ಇಷ್ಟು ವರ್ಷ ಅವರ ದೊಡ್ಡ ಮನಸ್ಸು ಎಂದೇ ನಂಬಿದ್ದೆ. ನಮ್ಮ ಮನೆಯ ಉಪ್ಪು ತಿಂದ ನಿಷ್ಠೆ ಎಂದು ಕೂಡ.

ಅವರು ಮಗುವಿಗೆ ಹೇಳುವಂತೆ ನಿಧಾನವಾಗಿ ಹೇಳಿದರು.

"ಮನೇಲಿ ಒಬ್ರೇ ಇದ್ದ ಸೊಸೆ ನನ್ನ ಒಳಕ್ಕೆ ಕರ್ದಳು ಅಂತ ಆ ಗುಂಪಿನ ಮುಂದೆ ಹೇಳಿದ್ರೆ ಕಡ್ಡೀಲಿ ಹೊಡೀತಿದ್ರಾ? ಅಲ್ಲೇ ಕೊಂದಾಕ್ತಿದ್ರು. ನಿಮ್ಮನ್ನ ಉಳ್ಸಕ್ಕಲ್ಲಮ್ಮ, ನನ್ನ ಜೀವ ಉಳಿಸ್ಕೊಳ್ಳಕ್ಕೆ ಸುಮ್ನಿದ್ದೆ." ಕೈಯನ್ನು ಮಡಿಲಲ್ಲಿ ಸರಿಮಾಡಿ ಇಟ್ಟುಕೊಂಡರು. "ನಂಗದೊಂದು ಕಾರಣ ಇತ್ತು. ನೀವ್ಯಾಕೆ ಸುಮ್ನಿದ್ರಿ?"

ಕುಟುಕುವ ಮಾತಲ್ಲ ಅದು. ನಿಜವಾಗಿಯೂ ತಿಳಿದುಕೊಳ್ಳಬೇಕಾಗಿತ್ತು ಅವರಿಗೆ. ಅತ್ತೆ ಕೈ ಹಿಡಿದಿದ್ದರು, ಹೊಸದಾಗಿ ಮದುವೆಯಾಗಿದ್ದೆ, ಚಿಕ್ಕವಳು, ಹೆದರಿದ್ದೆ ಎಂದು ಎಷ್ಟೋ ಉತ್ತರಗಳು ಬಾಯಿಗೆ ಬಂದವು. ಒಂದನ್ನೂ ಅವರ ಆ ಮೊಣಕೈಯ ಮುಂದೆ ಆಡಲಾಗಲಿಲ್ಲ.

"ನನ್ನನ್ನ ಯಾರೂ ಕೇಳ್ಲಿಲ್ಲ," ಎಂದೆ ಕೊನೆಗೆ.

ಅವರು ಹೌದೆಂಬಂತೆ ತಲೆಯಾಡಿಸಿದರು. ರೈಲು ಬರುವ ಗಂಟೆ ಹೊಡೆದರು. ಜನ ಎದ್ದು ಮುಂದೆ ನುಗ್ಗತೊಡಗಿದರು. ಅವರೂ ಒಳ್ಳೆಯ ಕೈಯನ್ನು ಬೆಂಚಿಗೆ ಊರಿ ಎದ್ದರು.

"ಕೇಳಿದ್ರೆ ಹೇಳ್ತಿದ್ರಾ?" ಎಂದರು.

ಹೇಳುತ್ತಿದ್ದೆ ಎಂದೆ. ಅವರು ಜನರ ನಡುವೆ ಹೋಗಿ ರೈಲು ಹತ್ತಿದರು. ನಾನೂ ಅದೇ ರೈಲಿಗೆ ಹೋಗಬೇಕಾಗಿತ್ತು. ಹತ್ತಲಿಲ್ಲ. ಅಪ್ಪನ ಔಷಧಿಗೆ ಮಾರನೆಯ ದಿನ ಹೋದೆ.